ಆರು ಅಡಿ ಉದ್ದ, ನಾಲ್ಕು ಅಡಿ ಅಗಲ

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಮೊದಲು ನಕ್ಕಳು. ನಾನು ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾದ ಮೇಲೆ, "ಆಟ ಆಡೋಕೆ ಅಂತ ಊರು ಹುಡುಕ್ತಿದ್ದೀಯಾ? ಮದುವೆಯಾಗಿ ಎಂಟು ವರ್ಷ ಆಯ್ತು ಕಣೇ ನಿಂಗೆ" ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಊರು ಬದಲಾಯಿಸುವಾಗ ಜನ ಕೆಲಸ ನೋಡುತ್ತಾರೆ, ಬಾಡಿಗೆ ನೋಡುತ್ತಾರೆ, ಮಕ್ಕಳಿದ್ದರೆ ಸ್ಕೂಲ್ ನೋಡುತ್ತಾರೆ. ನಮ್ಮ ವಿಷಯದಲ್ಲಿ ಕೆಲಸದ ಪ್ರಶ್ನೆ ತಾನಾಗೇ ಬಗೆಹರಿದಿತ್ತು. ಪ್ರದೀಪನಿಗೆ ಸಿಕ್ಕ ಹೊಸ ಕೆಲಸ ಸ್ಕಾಟ್ಲೆಂಡ್ ಪೂರ್ತಿ ಓಡಾಡುವಂಥದ್ದು. ರೈಲ್ವೆ ಸ್ಟೇಷನ್ ಹತ್ತಿರ ಇದ್ದರೆ ಯಾವ ಊರಾದರೂ ಸರಿ. ನನ್ನದು ಮನೆಯಲ್ಲೇ ಕೂತು ಮಾಡುವ ಕೆಲಸ. "ನನಗೆ ಎಲ್ಲಾ ಒಂದೇ. ನೀನೇ ನೋಡಿ ಹೇಳು" ಅಂದ. ಮದುವೆಯಾದಾಗಿನಿಂದ ಅವನು ಆಡಿದ ಅತಿ ದೊಡ್ಡ ಮಾತು ಅದು ಅಂತ ಅವನಿಗೇ ಗೊತ್ತಿರಲಿಲ್ಲ.

ನಾನು ಆಡುವುದು ಟೇಬಲ್ ಮೇಲೆ ಹರಡಿಕೊಂಡು ಆಡುವ ಆಟ. ಬೋರ್ಡ್ ಗೇಮ್ ಸಿಕ್ಕರೆ ಬಿಡುವುದಿಲ್ಲ, ಆದರೆ ನಿಜವಾದ ಹುಚ್ಚು ವಾರ್‌ಗೇಮಿಂಗಿನದು. ಒಂದು ಇಂಚಿಗಿಂತ ಚೂರು ಎತ್ತರ ಇರುವ ಸೈನಿಕರನ್ನು ಕೊಂಡು ತಂದು, ಅಂಟಿಸಿ, ಒಬ್ಬೊಬ್ಬರಿಗೂ ಬಣ್ಣ ಹಚ್ಚಬೇಕು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಟೇಬಲ್ ಮೇಲೆ ನಿಲ್ಲಿಸಬೇಕು. ಟೇಪು ಹಿಡಿದು ಅಳೆದು ಮುಂದೆ ನಡೆಸಬೇಕು. ದಾಳ ಹಾಕಿ ಯಾರು ಸತ್ತರು, ಯಾರು ಉಳಿದರು ನೋಡಬೇಕು. ಮೂರು ಗಂಟೆ ಹಿಡಿಯುತ್ತದೆ. ಎದುರಿಗೆ ಅಷ್ಟೇ ಹುಚ್ಚಿರುವ ಇನ್ನೊಬ್ಬರು ಇರಬೇಕು. ಬಣ್ಣ ಹಚ್ಚಿಟ್ಟ ಗೊಂಬೆಗಳ ಶೆಲ್ಫಿಗೆ ಪ್ರದೀಪ "ವರ್ಷಪೂರ್ತಿ ದಸರಾ" ಅಂತ ಹೆಸರಿಟ್ಟಿದ್ದಾನೆ. ಮೈಸೂರಿನವಳಿಗೆ ಅದು ಬೈಗುಳ ಅಂತ ಅನ್ನಿಸುವುದಿಲ್ಲ ಬಿಡಿ.

ಆಗ ನಾವಿದ್ದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಈ ಹುಚ್ಚಿನವರಿಗೆ ಅದು ಕಾಶಿ. ವಾರ್‌ಹ್ಯಾಮರ್ ಅನ್ನುವ ವಾರ್‌ಗೇಮ್ ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ಅಲ್ಲೇ, ಲೆಂಟನ್ ಎಂಬ ಕಡೆ ಇದೆ. ಪೆರಿ ಮಿನಿಯೇಚರ್ಸ್, ವಾರ್‌ಲಾರ್ಡ್ ಗೇಮ್ಸ್, ಮ್ಯಾಂಟಿಕ್ ಅನ್ನುವ ಗೊಂಬೆ ಕಂಪನಿಗಳೆಲ್ಲಾ ಆ ಸುತ್ತಿನವೇ. ಸೈನಿಕರನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದ ಕಾಲದ ನೆನಪಿಗೆ ಆ ಪ್ರದೇಶಕ್ಕೆ 'ಲೆಡ್ ಬೆಲ್ಟ್' ಅಂತ ಅಡ್ಡಹೆಸರು. ಇಲ್ಲಿಂದ ಎಲ್ಲಿಗೆ ಹೋದರೂ ಇಳಿಜಾರೇ ಅಂತ ಕ್ಲಬ್ಬಿನವರು ಹೆದರಿಸಿದರು.

ಸ್ಕಾಟ್ಲೆಂಡಿನಲ್ಲಿ ನಗರ ಅಂತ ಅಧಿಕೃತವಾಗಿ ಕರೆಸಿಕೊಳ್ಳುವುದು ಎಂಟು: ಗ್ಲಾಸ್ಗೋ, ಎಡಿನ್‌ಬರಾ, ಅಬರ್ಡೀನ್, ಡಂಡಿ, ಇನ್ವರ್‌ನೆಸ್, ಪರ್ತ್, ಸ್ಟರ್ಲಿಂಗ್, ಡನ್‌ಫರ್ಮ್‌ಲಿನ್. ಕೊನೆಯದಕ್ಕೆ ಆ ಪಟ್ಟ ಸಿಕ್ಕಿದ್ದು 2022ರಲ್ಲಿ, ರಾಣಿ ಪಟ್ಟಕ್ಕೆ ಬಂದು 70 ವರ್ಷ ಆದ ಸಂಭ್ರಮಕ್ಕೆ. ಎಂಟರಲ್ಲಿ ಅತಿ ದೊಡ್ಡದಾದ ಗ್ಲಾಸ್ಗೋ ಸುಮಾರು ಆರೂಕಾಲು ಲಕ್ಷ ಜನರ ಊರು. ನಮ್ಮ ಮೈಸೂರು ಅದಕ್ಕಿಂತ ದೊಡ್ಡದು. ಆದರೂ ಇವರಿಗೆ ಇದು ಮಹಾನಗರ.

ಚಳಿಗಾಲದ ಕತ್ತಲನ್ನು ಲೆಕ್ಕಕ್ಕೆ ತಗೋಬೇಕು. ಡಿಸೆಂಬರಿನಲ್ಲಿ ಎಡಿನ್‌ಬರಾದಲ್ಲಿ ಮೂರೂ ನಲವತ್ತಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಸಂಜೆ ಏಳಕ್ಕೆ ಹೋಗಿ ಕೂರಲು ಬೆಳಕಿರುವ ಒಂದು ಹಾಲ್, ಗುರುತಿರುವ ನಾಲ್ಕು ಮುಖ ಇಲ್ಲದಿದ್ದರೆ ನಾನು ಮಾರ್ಚ್ ತಿಂಗಳು ನೋಡುವುದು ಡೌಟು.

ಮೊದಲಿಗೆ ಎಲ್ಲರೂ ಮಾಡುವ ಹಾಗೆ ನಾನೂ ಮಾಡಿದೆ. ಎಲ್ಲೆಲ್ಲಿ ದೊಡ್ಡ ಗೇಮಿಂಗ್ ಸಮ್ಮೇಳನ ನಡೆಯುತ್ತದೆ ಅಂತ ಪಟ್ಟಿ ಬರೆದೆ. ಎಡಿನ್‌ಬರಾದಲ್ಲಿ ಆಗಸ್ಟಿನಲ್ಲಿ ಕ್ಲೇಮೋರ್. ಫಾಲ್‌ಕರ್ಕ್‌ನಲ್ಲಿ ಮೇ ತಿಂಗಳು ಕ್ಯಾರನೇಡ್. ಈ ಹೆಸರು ನನಗೆ ಬಹಳ ಇಷ್ಟ. ಫಾಲ್‌ಕರ್ಕ್ ಪಕ್ಕದ ಕ್ಯಾರನ್ ಕಬ್ಬಿಣದ ಕಾರ್ಖಾನೆಯಲ್ಲಿ ಮಾಡುತ್ತಿದ್ದ ಗಿಡ್ಡ ಫಿರಂಗಿಗೆ ಕ್ಯಾರನೇಡ್ ಅಂತ ಹೆಸರು, ಅದನ್ನೇ ಅಲ್ಲಿನ ವಾರ್‌ಗೇಮ್ ಕ್ಲಬ್ ತನ್ನ ಮೇಳಕ್ಕೆ ಇಟ್ಟುಕೊಂಡಿದೆ. ಇನ್ನು ಟೇಬಲ್‌ಟಾಪ್ ಸ್ಕಾಟ್ಲೆಂಡ್. ಅದು 2018ರಲ್ಲಿ ಶುರುವಾದದ್ದು ಪರ್ತ್‌ನಲ್ಲಿ, ಡ್ಯೂವರ್ಸ್ ಸೆಂಟರ್ ಅನ್ನುವಲ್ಲಿ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟಕ್ಕೆ ಕಟ್ಟಿದ ಜಾಗ ಅದು. ಒಬ್ಬ ಗೆಳೆಯ, "ಪರ್ತ್ ನೋಡು, ಪುಟ್ಟ ಊರು, ಬಾಡಿಗೆ ಕಮ್ಮಿ, ವರ್ಷಕ್ಕೊಂದು ದೊಡ್ಡ ಮೇಳ ಮನೆ ಬಾಗಿಲಿಗೇ ಬರುತ್ತೆ" ಅಂದಿದ್ದ. ಅವನು ಹಳೇ ಲೆಕ್ಕದಲ್ಲಿದ್ದ. ಮೇಳಕ್ಕೆ ಜನ ಹೆಚ್ಚಾಗಿ 2024ರಲ್ಲಿ ಅದು ಎಡಿನ್‌ಬರಾ ಏರ್‌ಪೋರ್ಟ್ ಪಕ್ಕದ ರಾಯಲ್ ಹೈಲ್ಯಾಂಡ್ ಸೆಂಟರಿಗೆ ಹೋಯಿತು. ಮೇಳ ನೆಚ್ಚಿಕೊಂಡು ಪರ್ತ್‌ನಲ್ಲಿ ಮನೆ ಮಾಡಿದವರು ಯಾರಾದರೂ ಇದ್ದರೆ ಪಾಪ.

ನಮ್ಮಜ್ಜಿ ಹೇಳುತ್ತಿದ್ದಳು, ಜಾತ್ರೆ ದಿನ ನೋಡಿ ಆ ಊರಿಗೆ ಹೆಣ್ಣು ಕೊಡಬಾರದು ಅಂತ. ಅವತ್ತು ಎಲ್ಲರೂ ಹೊಸ ಬಟ್ಟೆಯಲ್ಲಿ, ಎಲ್ಲರ ಮನೆಯಲ್ಲೂ ಹೋಳಿಗೆ. ಬಾವಿಯಲ್ಲಿ ನೀರಿದೆಯಾ ಅಂತ ನೋಡಬೇಕಾದರೆ ಸುಮ್ನೆ ಒಂದು ದಿನ ಹೋಗಬೇಕು.

ಹಾಗಾಗಿ ಪಟ್ಟಿ ಹರಿದೆ. ಬೇರೆ ಲೆಕ್ಕ ಹಾಕಿದೆ. ಪ್ರತಿ ಊರಿಗೂ ವಾರದ ಮಧ್ಯೆ ಹೋಗುವುದು, ಮಂಗಳವಾರವೋ ಬುಧವಾರವೋ. ಮೊದಲೇ ಮೇಲ್ ಮಾಡಿ ಒಂದು ಆಟಕ್ಕೆ ಸೇರಿಕೊಳ್ಳುವುದು. ರಾತ್ರಿ ಹತ್ತೂವರೆಗೆ ಮುಗಿದ ಮೇಲೆ ಎರಡು ಚೀಲ ಹೊತ್ತುಕೊಂಡು, ಟ್ಯಾಕ್ಸಿ ಇಲ್ಲದೆ, ಉಳಿದುಕೊಂಡ ರೂಮಿಗೆ ವಾಪಸ್ ಬರುವುದು. ಹೆಂಗಸೊಬ್ಬಳು ಆ ಹೊತ್ತಿನಲ್ಲಿ ಒಬ್ಬಳೇ ನಡೆದು ಬರುವಾಗ ಊರು ಹೇಗಿದೆ ಅಂತ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಎಂಟೂ ಊರಿಗೆ ಹೋಗಲಿಲ್ಲ. ಇನ್ವರ್‌ನೆಸ್ ಎಡಿನ್‌ಬರಾದಿಂದ ಮೂರೂವರೆ ಗಂಟೆ ರೈಲು. ಚಂದದ ಊರು, ದೂರ ಜಾಸ್ತಿ. ಅಬರ್ಡೀನ್ ಗ್ರಾನೈಟ್ ಕಲ್ಲಿನ ಊರು, ಬಿಸಿಲು ಬಿದ್ದರೆ ಮಿಂಚುತ್ತದೆ. 2014ರಲ್ಲಿ ತೈಲದ ಬೆಲೆ ಬಿದ್ದ ಮೇಲೆ ಬಾಡಿಗೆಯೂ ಇಳಿದದ್ದು ನಮಗೆ ಅನುಕೂಲವೇ. ಆದರೆ ಪ್ರದೀಪನ ಓಡಾಟಕ್ಕೆ ಅದು ಒಂದು ತುದಿ. ಸ್ಟರ್ಲಿಂಗ್, ಡನ್‌ಫರ್ಮ್‌ಲಿನ್ ಎರಡೂ ದೊಡ್ಡ ಊರುಗಳ ಮಧ್ಯೆ ಇರುವವು. ಅಲ್ಲಿದ್ದರೆ ಎಲ್ಲದಕ್ಕೂ ರೈಲು ಹತ್ತಬೇಕು, ಆಟ ಮುಗಿಯುವ ಮೊದಲೇ ಗಡಿಯಾರ ನೋಡಬೇಕು. ಕಡೆಗೆ ಉಳಿದದ್ದು ಮೂರು.

ಡಂಡಿ ಮೊದಲು. ಯಾಕೆ ಅಂತ ಹೇಳಿದರೆ ನಗಬೇಡಿ. ಲೆಮ್ಮಿಂಗ್ಸ್. ಚಿಕ್ಕವಳಿದ್ದಾಗ ಸರಸ್ವತಿಪುರಂನ ಚಿಕ್ಕಪ್ಪನ ಕಂಪ್ಯೂಟರಿನಲ್ಲಿ, ಹಸಿರು ಕೂದಲಿನ ಆ ಪುಟ್ಟ ಜೀವಿಗಳು ಸಾಲಾಗಿ ನಡೆದು ಬೀಳುವುದನ್ನು ತಡೆಯುತ್ತಾ ಇಡೀ ಬೇಸಿಗೆ ರಜೆ ಕಳೆದಿದ್ದೆ. ಆ ಆಟ 1991ರಲ್ಲಿ ಬಂದದ್ದು ಡಂಡಿಯ ಡಿಎಂಎ ಡಿಸೈನ್ ಅನ್ನುವ ಸಣ್ಣ ಕಂಪನಿಯಿಂದ. 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಮಾಡಿದ್ದೂ ಅವರೇ. ಆಮೇಲೆ ಅವರು ಎಡಿನ್‌ಬರಾಕ್ಕೆ ಹೋಗಿ ರಾಕ್‌ಸ್ಟಾರ್ ನಾರ್ತ್ ಆದರು. ಸೆಣಬು, ಜಾಮ್, ಪತ್ರಿಕೆ ಅಂತ ಹೆಸರಾಗಿದ್ದ ಊರಿನಲ್ಲಿ ಕಂಪ್ಯೂಟರ್ ಗೇಮ್ ಹೇಗೆ ಹುಟ್ಟಿತು ಅಂದರೆ, ಅಲ್ಲಿನ ಟೈಮೆಕ್ಸ್ ಗಡಿಯಾರದ ಕಾರ್ಖಾನೆಯಲ್ಲಿ ಎಂಬತ್ತರ ದಶಕದಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಂ ಕಂಪ್ಯೂಟರ್ ಜೋಡಿಸುತ್ತಿದ್ದರು. ಅಪ್ಪ ಅಮ್ಮ ಕಾರ್ಖಾನೆಯಲ್ಲಿ, ಮಕ್ಕಳ ಕೈಯಲ್ಲಿ ಕಂಪ್ಯೂಟರ್. ಕಂಪ್ಯೂಟರ್ ಗೇಮ್‌ಗೇ ಅಂತ ಪದವಿ ಶುರು ಮಾಡಿದ ಜಗತ್ತಿನ ಮೊದಲ ವಿಶ್ವವಿದ್ಯಾಲಯ ಅಲ್ಲಿನ ಅಬರ್ಟೆ, 1997ರಲ್ಲಿ. ಪರ್ತ್ ರೋಡಿನ ಪಕ್ಕದ ಪಾರ್ಕಿನಲ್ಲಿ ಲೆಮ್ಮಿಂಗ್‌ಗಳ ಕಂಚಿನ ಗೊಂಬೆಗಳಿವೆ. ಹೋಗಿ ತಲೆ ಸವರಿ ಬಂದೆ.

ಸವರುವಾಗಲೇ ತಿಳಿಯಬೇಕಿತ್ತು. ನಮ್ಮತ್ತೆ ಮನೆ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹತ್ತಿರ. ಹಾಗಂತ ಅವರ ಮನೆ ಕಾಫಿಗೆ ಸಕ್ಕರೆ ಜಾಸ್ತಿ ಬೀಳುವುದಿಲ್ಲ. ಗೇಮ್ ತಯಾರಾಗುವ ಊರಿನಲ್ಲಿ ಇರುವುದಕ್ಕೂ ಗೇಮ್ ಆಡುವವಳ ಬುಧವಾರಕ್ಕೂ ಸಂಬಂಧ ಇಲ್ಲ. ಗೇಮ್ ಕಂಪನಿಯಲ್ಲಿ ದಿನವೆಲ್ಲಾ ದುಡಿದವರು ಸಂಜೆ ಫುಟ್‌ಬಾಲ್ ನೋಡಲು ಹೋಗುತ್ತಾರೆ.

ಆದರೆ ಡಂಡಿಯ ಆ ಸಂಜೆ ಚೆನ್ನಾಗಿತ್ತು. ಒಂದು ಹಳೇ ಹಾಲು, ಆರು ಜನ, ಬಿಸ್ಕತ್ತಿನ ಡಬ್ಬ. ಸಣ್ಣ ಊರಿನ ಗೇಮರುಗಳ ಒಳ್ಳೇತನ ಅಂದರೆ ಅವರು ಎಲ್ಲವನ್ನೂ ಆಡುತ್ತಾರೆ. "ನಾನು ನೆಪೋಲಿಯನ್ ಕಾಲ ಬಿಟ್ಟು ಬೇರೆ ಮುಟ್ಟಲ್ಲ" ಅನ್ನುವ ಜಂಬ ಅಲ್ಲಿ ನಡೆಯುವುದಿಲ್ಲ. ಹಾಗೆ ಅಂದವನು ಒಬ್ಬನೇ ಕೂರಬೇಕಾಗುತ್ತದೆ. ಹತ್ತೂವರೆಗೆ ಟೇ ನದಿಯ ಗಾಳಿಗೆ ಮುಖ ಕೊಟ್ಟು ಹದಿನೈದು ನಿಮಿಷದಲ್ಲಿ ರೂಮು ಸೇರಿದೆ. ಮೂರೂ ಊರುಗಳಲ್ಲಿ ಬಾಡಿಗೆ ಅಲ್ಲೇ ಕಮ್ಮಿ. ಆ ರಾತ್ರಿಯೇ ಪ್ರದೀಪನಿಗೆ ಫೋನ್ ಮಾಡಿ "ಮುಗೀತು, ಡಂಡಿ" ಅಂದೆ.

"ಆ ಆರು ಜನದಲ್ಲಿ ಇಬ್ಬರು ಊರು ಬಿಟ್ಟರೆ?" ಅಂದ.

ಕೆಟ್ಟ ಪ್ರಶ್ನೆ. ಆರರಲ್ಲಿ ಇಬ್ಬರು ಸ್ಟೂಡೆಂಟ್‌ಗಳು. ಒಬ್ಬನಿಗೆ ಜುಲೈನಲ್ಲಿ ಮಗು ಹುಟ್ಟುವುದಿತ್ತು. ಎಣಿಸಿದರೆ ಉಳಿಯುವುದು ಮೂವರು, ಅದರಲ್ಲಿ ಇಬ್ಬರು ಅಣ್ಣ ತಮ್ಮ.

ನಡುವೆ ಒಂದು ಊರಿನಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಊರಿನ ಹೆಸರು ಬೇಡ, ಕ್ಲಬ್ಬಿನ ಹೆಸರೂ ಬೇಡ. ಏಳು ಗಂಟೆಗೆ ಹೋದೆ. ಬರುತ್ತೇನೆ ಅಂತ ಮೊದಲೇ ಬರೆದಿದ್ದೆ, ಬನ್ನಿ ಅಂತ ಉತ್ತರವೂ ಬಂದಿತ್ತು. ಹನ್ನೆರಡು ಟೇಬಲ್, ಎಲ್ಲಾ ಭರ್ತಿ. ಒಬ್ಬರು ತಲೆ ಎತ್ತಿ ನೋಡಿ, ಯಾರದೋ ಹೆಂಡತಿ ಕರೆದುಕೊಂಡು ಹೋಗಲು ಬಂದಿದ್ದಾಳೆ ಅಂದುಕೊಂಡರು ಅಂತ ಕಾಣುತ್ತದೆ, "ಇನ್ನೂ ಟೈಮ್ ಇದೆ" ಅಂದರು. ನಲವತ್ತು ನಿಮಿಷ ಗೋಡೆ ಪಕ್ಕ ಕುರ್ಚಿಯಲ್ಲಿ ಕೂತಿದ್ದೆ. ಮಡಿಲಲ್ಲಿ ನನ್ನ ಸೈನ್ಯದ ಡಬ್ಬ. ಕೆಟ್ಟವರೇನಲ್ಲ ಅವರು. ತಮ್ಮ ಪಾಡಿಗೆ ಇಪ್ಪತ್ತು ವರ್ಷದಿಂದ ಆಡಿಕೊಂಡು ಬಂದಿದ್ದಾರೆ, ಹೊಸಬರು ಬಂದರೆ ಏನು ಮಾಡಬೇಕು ಅನ್ನುವುದು ಮರೆತು ಹೋಗಿದೆ. ಆದರೂ ಎದ್ದು ಬರುವಾಗ ಗಂಟಲು ಕಟ್ಟಿತ್ತು. ಮೂವತ್ತಾರು ವರ್ಷದವಳಿಗೆ ಸ್ಕೂಲಿನ ಮೊದಲ ದಿನದ ಹಾಗೆ.

ಎಡಿನ್‌ಬರಾಕ್ಕೆ ಹೋಗುವಾಗ ಆ ಅಳುಕು ಇತ್ತು.

ಅಲ್ಲಿನ ಕ್ಲಬ್ಬಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ಬಾಗಿಲಲ್ಲೇ ಸಿಕ್ಕರು. ಉದ್ದನೆ ಮನುಷ್ಯ, ಮೊಣಕೈಗೆ ತೇಪೆ ಹಾಕಿದ ಸ್ವೆಟರು. ಎಲ್ಲಿಯವಳು ಅಂತ ಕೇಳಿದರು. ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ? ಮೈಸೂರು ಅಂದೆ. ಸುಮ್ಮನಾದರು. ಎರಡು ನಿಮಿಷ ಕಾಣಿಸಲಿಲ್ಲ. ಆಮೇಲೆ ಫೈಲ್ ಇಡುವ ರಟ್ಟಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟು ಮುಚ್ಚಳ ತೆಗೆದರು.

ಟಿಪ್ಪುವಿನ ಸೈನ್ಯ. ಸಾಲು ಸಾಲಾಗಿ, ಅಡಿಯಲ್ಲಿ ಮ್ಯಾಗ್ನೆಟ್ ಅಂಟಿಸಿಕೊಂಡು ನಿಂತಿದ್ದರು. ನೇರಳೆ ಬಣ್ಣದ ಅಂಗಿ, ಅದರ ಮೇಲೆ ಬಿಳಿಯ ಹುಲಿಪಟ್ಟೆ. ಒಂದೊಂದು ಪಟ್ಟೆಯೂ ರಾಗಿಕಾಳಿಗಿಂತ ಸಣ್ಣದು. ಇನ್ನೂರಕ್ಕಿಂತ ಜಾಸ್ತಿ ಸೈನಿಕರು. ಒಬ್ಬೊಬ್ಬನಿಗೂ ಪಟ್ಟೆ. ಈ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು ಅದಕ್ಕೆ ಎಷ್ಟು ಚಳಿಗಾಲ ಹಿಡಿಯುತ್ತದೆ ಅಂತ.

"ಸೆರಿಂಗಪಟಂ" ಅಂದರು. "ಶ್ರೀರಂಗಪಟ್ಟಣ" ಅಂದೆ. ಮೂರು ಸಲ ಹೇಳಿ ನೋಡಿದರು. 'ಟ್ಟ' ಬರಲಿಲ್ಲ. ಮುಂದಿನ ತಿಂಗಳು ಬಾ, ಕೋಟೆ ಜೋಡಿಸಿ ಇಟ್ಟಿರುತ್ತೇನೆ ಅಂದರು. ಹೋದೆ. ನಾಟಿಂಗ್‌ಹ್ಯಾಮಿನಿಂದ ಒಂದು ಆಟಕ್ಕೆ!

1799ರ ಮೇ 4. ಕೋಟೆಯ ವಾಯವ್ಯ ಮೂಲೆ. ಫಿರಂಗಿ ಹೊಡೆದು ಒಡೆದ ಗೋಡೆಯ ಜಾಗವನ್ನು ಅವರು ಕಾರ್ಕಿನ ಚೂರುಗಳಲ್ಲಿ ಮಾಡಿದ್ದರು. ಮುಂದೆ ನೀಲಿ ಬಣ್ಣದ ಕಾವೇರಿ. ಆಚೆ ದಡದಲ್ಲಿ ಬ್ರಿಟಿಷ್ ದಂಡಿನ ಸ್ಕಾಟಿಷ್ ಹೈಲ್ಯಾಂಡರುಗಳು, 73 ಮತ್ತು 74ನೇ ರೆಜಿಮೆಂಟು. ನುಗ್ಗುವವರ ನಾಯಕ ಡೇವಿಡ್ ಬೇರ್ಡ್. ಆ ಸ್ಕಾಟ್ಲೆಂಡಿನವನು 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆ ಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮೇಲೆ ಕೈದಿಯಾಗಿದ್ದ. ಅಜ್ಜನಿಗೆ ಇದೆಲ್ಲಾ ಬಾಯಿಪಾಠ. ನಾನು ಟಿಪ್ಪು ಕಡೆ.

ಅವರ ನಿಯಮದಲ್ಲಿ ನದಿಗೆ ಇಳಿದವರ ನಡಿಗೆ ಅರ್ಧ ಆಗುತ್ತಿತ್ತು. ವರ್ಷದ ಯಾವ ತಿಂಗಳಾದರೂ ಅಷ್ಟೇ. ನಾನು ಹೇಳಿದೆ, ಮೇ ತಿಂಗಳ ಕಾವೇರಿ ನೋಡಿದ್ದೀರಾ? ಐದನೇ ಕ್ಲಾಸಿನ ಟ್ರಿಪ್ಪಿನಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಟಿಪ್ಪು ಬಿದ್ದ ಜಾಗದ ಕಲ್ಲು ನೋಡಿದ್ದು, ಆಮೇಲೆ ನದಿಯಲ್ಲಿ ಬಂಡೆಯಿಂದ ಬಂಡೆಗೆ ಹಾರಿ ಮೇಷ್ಟ್ರಿಂದ ಬೈಸಿಕೊಂಡದ್ದು ಹೇಳಿದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಉಳಿದದ್ದು ಬಂಡೆ. ಮಳೆ ಹಿಡಿದರೆ ಅದೇ ಜಾಗದಲ್ಲಿ ಕಾಲಿಡುವ ಹಾಗಿಲ್ಲ. ಬ್ರಿಟಿಷ್ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್ ಅವಸರ ಮಾಡಿದ್ದೇ ಅದಕ್ಕಲ್ಲವಾ, ದಂಡಿಗೆ ಅಕ್ಕಿ ಮುಗಿಯುತ್ತಾ ಬಂದಿತ್ತು, ಮೇಲೆ ಮುಂಗಾರು. ಟಿಪ್ಪು ಕಾಯುತ್ತಿದ್ದದ್ದೂ ಆ ಮಳೆಗೇ. ಅಜ್ಜ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ನಿಯಮದ ಹಾಳೆಯಲ್ಲಿ ಗೀಟು ಹೊಡೆದು ಬರೆದುಕೊಂಡರು: ಮೇನಲ್ಲಿ ಹೀಗೆ, ಜುಲೈನಲ್ಲಿ ಹಾಗೆ. ಮೂವತ್ತು ವರ್ಷದಿಂದ ಆಡುತ್ತಿದ್ದ ಆಟಕ್ಕೆ ತಿದ್ದುಪಡಿ. ನದಿ ಸುಲಭವಾದ್ದರಿಂದ ನನಗೇ ನಷ್ಟ. ಐದು ಸುತ್ತು ಒಡಕಿನಲ್ಲಿ ತಡೆದು ನಿಂತು ಆರನೆಯದರಲ್ಲಿ ಕೋಟೆ ಬಿಟ್ಟೆ. ಎದುರಿನ ಗೋಡೆಗೆ ನೇತುಹಾಕಿದ್ದ ಕೋಟು ನೋಡುತ್ತಾ ಒಂದು ನಿಮಿಷ ಕೂತಿದ್ದೆ. ಆಟವೇ, ಆದರೂ.

ಮರುದಿನ ಚೇಂಬರ್ಸ್ ಸ್ಟ್ರೀಟಿನ ರಾಷ್ಟ್ರೀಯ ಮ್ಯೂಸಿಯಂಗೆ ಹೋದೆ. ಪ್ರವೇಶಕ್ಕೆ ದುಡ್ಡಿಲ್ಲ. ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕ ಚದುರಂಗದ ಕಾಯಿಗಳಲ್ಲಿ ಹನ್ನೊಂದು ಅಲ್ಲಿವೆ, ಉಳಿದವು ಹೆಚ್ಚಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ವಾಲ್ರಸ್ ದಂತದಲ್ಲಿ ಕೆತ್ತಿದವು, ಹನ್ನೆರಡನೇ ಶತಮಾನದವು. ರಾಣಿ ಕೆನ್ನೆಗೆ ಕೈ ಕೊಟ್ಟು ಕೂತಿದ್ದಾಳೆ, ಒಲೆ ಮೇಲೆ ಹಾಲು ಉಕ್ಕಿ ಹೋದದ್ದು ಈಗ ನೆನಪಾದವಳ ಹಾಗೆ. ಕೆಲವು ಯೋಧರು ಗುರಾಣಿಯನ್ನೇ ಕಚ್ಚಿ ಹಿಡಿದಿದ್ದಾರೆ. ಇದರ ಜೊತೆಯದೇ ಒಂದು ಕಾಯಿ 1964ರಲ್ಲಿ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ಐದು ಪೌಂಡಿಗೆ ಸಿಕ್ಕಿ, ಎಡಿನ್‌ಬರಾದ ಮನೆಯೊಂದರ ಡ್ರಾಯರಿನಲ್ಲಿ ಬಿದ್ದಿತ್ತಂತೆ. 2019ರಲ್ಲಿ ಹರಾಜಿನಲ್ಲಿ 7,35,000 ಪೌಂಡಿಗೆ ಹೋಯಿತು. ನನ್ನ ಗೊಂಬೆಗಳ ಖರ್ಚಿನ ವಿಷಯ ಬಂದಾಗಲೆಲ್ಲ ಪ್ರದೀಪನಿಗೆ ಈ ಕತೆ ಹೇಳುತ್ತೇನೆ. ಅಂದ ಹಾಗೆ, ನಮ್ಮ ಶಾಸನ, ಹಸ್ತಪ್ರತಿ ಅಂತ ಗಾಡಿಗಟ್ಟಲೆ ಕೂಡಿಟ್ಟ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇದೇ ಲೂಯಿಸ್ ದ್ವೀಪದಲ್ಲಿ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿ ಇದ್ದವನು, ಆಮೇಲೆ ಮೈಸೂರು ಸೀಮೆಯನ್ನೆಲ್ಲಾ ಅಳೆದವನು. ಈ ಜನ ಟೇಪು ಹಿಡಿದು ಓಡಾಡುವುದು ಇವತ್ತು ನಿನ್ನೆಯದಲ್ಲ.

ಎಡಿನ್‌ಬರಾವೇ ಆಗಬೇಕಿತ್ತು, ಅಲ್ವಾ? ನಾನೂ ಹಾಗೇ ಅಂದುಕೊಂಡು ಟೇಪು ಹಿಡಿದುಕೊಂಡು ಮನೆ ನೋಡಲು ಹೋದೆ. ಒಂಬತ್ತು ಮನೆ. ಪ್ರತಿಯೊಂದರಲ್ಲೂ ನೆಲದ ಮೇಲೆ ಟೇಪು ಬಿಚ್ಚಿ ಆರು ಅಡಿ, ನಾಲ್ಕು ಅಡಿ, ಸುತ್ತ ಓಡಾಡಲು ಎರಡೆರಡು ಅಡಿ ಅಂತ ಅಳೆದೆ. ಮನೆ ತೋರಿಸಲು ಬಂದ ಹುಡುಗ "ಸೋಫಾ ದೊಡ್ಡದಾ?" ಅಂದ. ಹೌದು ಅಂದೆ. ನಮ್ಮ ಬಜೆಟ್ಟಿಗೆ ಸಿಗುವ ಮನೆಯಲ್ಲಿ ಟೇಬಲ್ ಹಾಕಿದರೆ ಸೋಫಾ ಇಲ್ಲ, ಸೋಫಾ ಹಾಕಿದರೆ ಟೇಬಲ್ ಇಲ್ಲ. ಅಲ್ಲಿನ ಹಳೇ ಮನೆಗಳಲ್ಲಿ ಬಾಕ್ಸ್ ರೂಮ್ ಅಂತ ಕಿಟಕಿ ಇಲ್ಲದ ಪುಟ್ಟ ಕೋಣೆ ಇರುತ್ತದೆ. ಗೇಮ್ ಡಬ್ಬಗಳಿಗೆ ಹೇಳಿ ಮಾಡಿಸಿದ ಜಾಗ. ಆದರೆ ಅಂಥ ಮನೆಯ ಬಾಡಿಗೆ ಕೇಳಿದರೆ ಡಬ್ಬಗಳನ್ನೇ ಮಾರಬೇಕು. ಆಗಸ್ಟಿನಲ್ಲಿ ಉತ್ಸವಕ್ಕೆ ಜಗತ್ತೇ ಬಂದು ಇಳಿಯುತ್ತದೆ. 1947ರಿಂದ ನಡೆದುಬಂದದ್ದು, ಬೇಡ ಅನ್ನಲು ನಾನ್ಯಾರು. ಆದರೂ ಒಂದು ತಿಂಗಳು ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅಂತ ಅಲ್ಲಿನವರೇ ಗೊಣಗುತ್ತಾರೆ.

ಗ್ಲಾಸ್ಗೋಗೆ ಹೋದ ಮಂಗಳವಾರ ಮಳೆ. ಬುಧವಾರವೂ ಮಳೆ. ಎಡಿನ್‌ಬರಾದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಗ್ಲಾಸ್ಗೋದಲ್ಲಿ 1,100ರ ಮೇಲೆ. ಎರಡಕ್ಕೂ ನಡುವೆ ರೈಲಿನಲ್ಲಿ ಐವತ್ತೇ ನಿಮಿಷ. ಮಳೆ ಗೇಮರಿಗೆ ಎರಡು ಥರ. ಜನ ಮನೆಯೊಳಗೇ ಇರುತ್ತಾರೆ, ಅದು ಒಳ್ಳೇದು. ಆದರೆ ಗೊಂಬೆಗೆ ಬಣ್ಣ ಹಚ್ಚುವ ಮೊದಲು ಸ್ಪ್ರೇ ಹೊಡೆಯಬೇಕು. ಹವೆಯಲ್ಲಿ ತೇವ ಜಾಸ್ತಿ ಇದ್ದರೆ ಅದು ರವೆ ರವೆಯಾಗಿ ಕೂತು ಗೊಂಬೆಯ ಮುಖವೇ ಮುಚ್ಚಿ ಹೋಗುತ್ತದೆ. ಈಗ ನಾನು ಸ್ಪ್ರೇ ಬಿಟ್ಟು ಬ್ರಶ್ಶಿನಲ್ಲಿ ಹಚ್ಚುತ್ತೇನೆ. ಕೈ ನೋಯುತ್ತದೆ.

ಅಲ್ಲಿ ಮೊದಲ ಸಂಜೆ ನನ್ನನ್ನು ನಾಲ್ಕು ಜನರ ಬೋರ್ಡ್ ಗೇಮಿಗೆ ತಳ್ಳಿದರು. ಒಬ್ಬ ನಿಯಮ ವಿವರಿಸಿದ. ನಾನು ಹತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದವಳು, ಅವನು ಹೇಳಿದ್ದರಲ್ಲಿ 'ವೀ' ಅನ್ನುವ ಒಂದು ಪದ ಬಿಟ್ಟು ಏನೂ ತಿಳಿಯಲಿಲ್ಲ. ವೀ ಅಂದರೆ ಪುಟ್ಟದು. ಇವರಿಗೆ ಎಲ್ಲವೂ ವೀ. ವೀ ಕಾರ್ಡು, ವೀ ಗೊಂಬೆ, ವೀ ಟೀ. ನಮ್ಮ ಕಡೆ ಎಲ್ಲದಕ್ಕೂ 'ಒಂಚೂರು' ಸೇರಿಸುವ ಹಾಗೆ. ಇನ್ನೊಂದು ಸಲ ಹೇಳು ಅಂದೆ. ಹೇಳಿದ, ಇನ್ನೂ ಜೋರಾಗಿ. ಟೇಬಲ್ ಪೂರ್ತಿ ನಕ್ಕಿತು, ನಾನೂ ನಕ್ಕೆ. ಆಮೇಲೆ ಪಕ್ಕದಲ್ಲಿದ್ದ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು, ಕೈ ಸನ್ನೆಯಲ್ಲಿ ಕಲಿಸಿದರು. ಹತ್ತೂವರೆಗೆ ಬಸ್ ಸ್ಟಾಪಿಗೆ ಜೊತೆಗೆ ಬಂದರು. ಅವರ ಮನೆ ಆ ಕಡೆ ಅಂತ ಅಂದುಕೊಂಡೆ. ನನ್ನ ಬಸ್ ಬಂದ ಮೇಲೆ ವಾಪಸ್ ತಿರುಗಿ ಬಂದ ದಾರಿಯಲ್ಲೇ ನಡೆದು ಹೋದರು, ಮಳೆಯಲ್ಲಿ.

ಕೊರತೆ ಇಲ್ಲ ಅಂತಲ್ಲ. 1896ರಲ್ಲಿ ಶುರುವಾದ ಸಬ್‌ವೇ ರೈಲು ಹದಿನೈದು ಸ್ಟೇಷನ್ನಿನ ಒಂದು ವೃತ್ತ, ಬಳೆಯ ಹಾಗೆ ಸುತ್ತುತ್ತದೆ. ಈಗ ನಮ್ಮ ಮನೆ ಇರುವ ಕಡೆ ಅದು ಬರುವುದೇ ಇಲ್ಲ. ನಾನು ಮನೆ ಹುಡುಕುತ್ತಿದ್ದಾಗ ಭಾನುವಾರ ಸಂಜೆ ಆರರ ಹೊತ್ತಿಗೇ ಬಾಗಿಲು ಹಾಕುತ್ತಿತ್ತು. ಭಾನುವಾರ ಮಧ್ಯಾಹ್ನ ಆಟ ಇಟ್ಟುಕೊಂಡವರಿಗೆ ಕೊನೆಯ ಸುತ್ತು ಯಾವಾಗಲೂ ಗಾಬರಿಯ ಸುತ್ತು.

ಕಡೆಗೆ ಮನೆ ಸಿಕ್ಕಿದ್ದು ಗ್ಲಾಸ್ಗೋದಲ್ಲೇ, ಊರಿನ ದಕ್ಷಿಣಕ್ಕೆ. ಆಲ್ಬರ್ಟ್ ಡ್ರೈವಿನ ಅಂಗಡಿಗಳಿಗೆ ನಡೆದು ಹೋಗಿ ಕರಿಬೇವು ತರಬಹುದು, ಕ್ಲಬ್ಬಿಗೆ ಇಪ್ಪತ್ತು ನಿಮಿಷದ ನಡಿಗೆ. ನೂರು ವರ್ಷಕ್ಕೂ ಹಳೆಯ ಕೆಂಪು ಕಲ್ಲಿನ ಟೆನೆಮೆಂಟ್, ಅಂದರೆ ಹಲವು ಮನೆಗಳಿರುವ ಮಹಡಿ ಕಟ್ಟಡ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಳಗೆ ಹೋದ ತಕ್ಷಣ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಗೋಡೆಯಲ್ಲಿ ಒಂದು ದೊಡ್ಡ ಗೂಡು. ಬಾಗಿಲಿಲ್ಲದ ಕೋಣೆಯ ಹಾಗೆ. ಇದೇನು ಅಂತ ನನಗೆ ಗೊತ್ತಿತ್ತು. ಇದೇ ಊರಿನ ಗಾರ್ನೆಟ್‌ಹಿಲ್‌ನಲ್ಲಿ ಟೆನೆಮೆಂಟ್ ಹೌಸ್ ಅಂತ ಒಂದು ಮ್ಯೂಸಿಯಂ ಇದೆ. ಆಗ್ನೆಸ್ ಟೋವರ್ಡ್ ಅನ್ನುವ ಟೈಪಿಸ್ಟ್ 1911ರಿಂದ 1965ರವರೆಗೆ ಇದ್ದ ಮನೆಯನ್ನು ಹಾಗೇ ಕಾಪಾಡಿ ಇಟ್ಟಿದ್ದಾರೆ. ಅಲ್ಲೂ ಅಡುಗೆಮನೆಯಲ್ಲಿ ಇಂಥ ಗೂಡಿದೆ, ಒಳಗೆ ಹಾಸಿಗೆ. ಬೆಡ್ ರಿಸೆಸ್ ಅನ್ನುತ್ತಾರೆ. ಒಲೆಯ ಬಿಸಿ ತಾಗುವ ಜಾಗದಲ್ಲಿ ಮಲಗುತ್ತಿದ್ದರು. ಒಂದೇ ಕೋಣೆಯ ಮನೆಗಳಲ್ಲಿ ಇಡೀ ಸಂಸಾರ ಅಲ್ಲೇ.

ಟೇಪು ಬಿಚ್ಚಿದೆ. ಉದ್ದ ಆರು ಅಡಿ ಎರಡು ಇಂಚು. ಆಳ ನಾಲ್ಕು ಅಡಿ ಐದು ಇಂಚು.

ಪ್ರದೀಪ ಟೇಪನ್ನೇ ನೋಡುತ್ತಿದ್ದ. "ಕಾಲಿಗೆ ಚಕ್ರ ಹಾಕಿಸಿದರೆ ಆಡುವಾಗ ಹೊರಗೆ ಎಳೀಬಹುದು" ಅಂದ. ಮನೆ ತೋರಿಸಲು ಬಂದ ಹೆಂಗಸು ಕಿಟಕಿ ಕಡೆ ಕೈ ತೋರಿಸಿ ನೋಟ ಚೆನ್ನಾಗಿದೆ ಅಂತ ಏನೋ ಹೇಳುತ್ತಿದ್ದರು. ನಾವಿಬ್ಬರೂ ಕಿಟಕಿ ಕಡೆ ನೋಡಲೇ ಇಲ್ಲ.

ತಿಂಗಳಿಗೊಂದು ಸಲ ಎಡಿನ್‌ಬರಾದ ಅಜ್ಜನ ಹತ್ತಿರ ಆಡಲು ಹೋಗುತ್ತೇನೆ. ಸಂಜೆ ಹೊತ್ತಿನ ದುಬಾರಿ ರೈಲು ಟಿಕೆಟ್ ದರವನ್ನು 2025ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿದ್ದು ನನ್ನ ಪುಣ್ಯ. ಅಜ್ಜನ ನಾಲಿಗೆಗೆ 'ಟ್ಟ' ಇನ್ನೂ ಬಂದಿಲ್ಲ. ಡಂಡಿಯ ಆ ಮಗು ಹುಟ್ಟಿದವನು ಈಗ ಕ್ಲಬ್ಬಿಗೆ ಬರುತ್ತಿಲ್ಲವಂತೆ. ಅಣ್ಣ ತಮ್ಮ ಇನ್ನೂ ಬರುತ್ತಾರೆ, ಒಬ್ಬರಿಗೊಬ್ಬರು ಎದುರು ಕೂತು.

ಮನೆಗೆ ಬಂದ ವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ತೋರಿಸಿದೆ. ಹಾಲ್, ಬಚ್ಚಲು, ಕೆಂಪು ಕಲ್ಲಿನ ಮೆಟ್ಟಿಲು. ಕೊನೆಗೆ ಅಡುಗೆಮನೆಯ ಗೂಡು. ಒಳಗೆ ಚಕ್ರ ಹಾಕಿಸಿದ ಟೇಬಲ್, ಮೇಲೆ ಹಸಿರು ಹಾಸು, ಪುಟ್ಟ ಬಲ್ಬುಗಳು, ಸಾಲಾಗಿ ನಿಂತ ಸೈನಿಕರು. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದಳು.

"ಅಷ್ಟು ಜಾಗ ಇತ್ತಲ್ಲೇ," ಅಂದಳು, "ಒಂದು ಮಂಚ ಹಾಕಬಹುದಿತ್ತು."